ಕರಾವಳಿ ನಗರದ ನೆರೆಯಲ್ಲಿ ಹವಾಮಾನ ಬದಲಾವಣೆಯ ಪಾಲೆಷ್ಟು? ಮಂಗಳೂರನ್ನು ಮುಂದಿಟ್ಟುಕೊಂಡು ಮಾದರಿ ಕಟ್ಟುವ ಕ್ರಮ

ಕರಾವಳಿಯ ನಗರಕ್ಕೆ ನೆರೆ ಮೂರು ದಿಕ್ಕಿನಿಂದ ಬರುತ್ತದೆ. ಊರಿನ ಮೇಲೆಯೇ ಸುರಿದ ಮಳೆ ತೋಡು, ಚರಂಡಿಗಳಲ್ಲಿ ಇಳಿಯಲಾರದೆ ರಸ್ತೆಯಲ್ಲಿ ನಿಲ್ಲುತ್ತದೆ. ಘಟ್ಟದಲ್ಲಿ ಬಿದ್ದ ಮಳೆ ಕೆಲವು ಗಂಟೆಗಳ ಬಳಿಕ ಹೊಳೆಯಾಗಿ ಬಂದು ದಂಡೆ ಮೀರುತ್ತದೆ. ಸಮುದ್ರವು ಉಬ್ಬರದಲ್ಲಿ ಏರಿ, ಇವೆರಡೂ ಹೊರಗೆ ಹೋಗಬೇಕಾದ ಅಳಿವೆ ಬಾಗಿಲನ್ನು ಹೊರಗಿನಿಂದ ಅಗುಳಿ ಹಾಕಿದಂತೆ ಹಿಡಿದಿಡುತ್ತದೆ. ಹವಾಮಾನ ಬದಲಾವಣೆ ಈ ಮೂರನ್ನೂ ಬದಲಿಸುತ್ತಿದೆ, ಆದರೆ ಒಂದೇ ಪ್ರಮಾಣದಲ್ಲಲ್ಲ, ಒಂದೇ ಖಚಿತತೆಯಲ್ಲಿಯೂ ಅಲ್ಲ. ಇವನ್ನು ಗಣಕದ ಮಾದರಿಯೊಂದರಲ್ಲಿ ಲೆಕ್ಕಕ್ಕೆ ತರುವ ಕೆಲಸವನ್ನು ಹೇಗೆ ಆರಂಭಿಸಿ ಹೇಗೆ ಮುಂದುವರಿಸಬೇಕು ಎಂಬುದನ್ನು ಸಿವಿಲ್ ಎಂಜಿನಿಯರಿಂಗ್ ಅಥವಾ ಭೂಗೋಳ ಓದಿದವರಿಗೂ, ಕ್ಯೂಜಿಐಎಸ್‌ನಂತಹ ನಕ್ಷೆಯ ತಂತ್ರಾಂಶದಲ್ಲಿ ಸ್ವಲ್ಪ ಕೈಯಾಡಿಸಿದವರಿಗೂ ತಿಳಿಯುವಂತೆ ಇಲ್ಲಿ ವಿವರಿಸಿದ್ದೇನೆ.

ಉದಾಹರಣೆಗೆ ಮಂಗಳೂರನ್ನು ಆರಿಸಿಕೊಂಡಿದ್ದೇನೆ. ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಬೆಂಗ್ರೆಯ ಮರಳ ನಾಲಿಗೆಗೂ ಉಳ್ಳಾಲದ ಕಡೆಯ ದಂಡೆಗೂ ನಡುವೆ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ; ಊರು ಮುರಕಲ್ಲಿನ ಗುಡ್ಡಗಳ ಮೇಲೂ ಅವುಗಳ ನಡುವಿನ ಬೈಲುಗಳಲ್ಲೂ ಹರಡಿಕೊಂಡಿದೆ; ವರ್ಷದ ಮಳೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿದ್ದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. ಮೂರೂ ಬಗೆಯ ನೆರೆಯನ್ನು ಒಂದೇ ನಕ್ಷೆಯಲ್ಲಿ ಕಾಣಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸಕ್ಕೆ ಕೈಹಾಕುವ ಹೆಚ್ಚಿನವರು ಯಾವ ಜಾಗತಿಕ ಹವಾಮಾನ ಮಾದರಿಯನ್ನು ಬಳಸಬೇಕು ಎಂಬ ಪ್ರಶ್ನೆಯಿಂದ ಆರಂಭಿಸುತ್ತಾರೆ. ಅದು ಕೊನೆಯ ಪ್ರಶ್ನೆಯಾಗಬೇಕು. ನೆಲದ ಎತ್ತರ ಒಂದು ಮೀಟರ್ ತಪ್ಪಿದ್ದರೆ, 2100ರ ಸಮುದ್ರಮಟ್ಟದ ಬಗ್ಗೆ ಎಷ್ಟು ಸೂಕ್ಷ್ಮವಾದ ಅಂದಾಜನ್ನು ತಂದು ಸೇರಿಸಿದರೂ ಆ ತಪ್ಪಿನೊಳಗೆ ಅದು ಮುಳುಗಿಹೋಗುತ್ತದೆ. ಇಂದಿನ ನೆರೆಯನ್ನು ಸರಿಯಾಗಿ ತೋರಿಸಲಾರದ ಮಾದರಿಗೆ ನಾಳೆಯ ನೆರೆಯ ಬಗ್ಗೆ ಮಾತನಾಡುವ ಅಧಿಕಾರವಿಲ್ಲ.

ನೆಲದ ಎತ್ತರ

ಉಚಿತವಾಗಿ ಸಿಗುವ ಎತ್ತರದ ನಕ್ಷೆಗಳು ಹಲವಿವೆ. ಅಮೆರಿಕದ ಬಾಹ್ಯಾಕಾಶ ನೌಕೆಯೊಂದು 2000ದ ಫೆಬ್ರವರಿಯಲ್ಲಿ ರೇಡಾರ್ ಮೂಲಕ ಅಳೆದ ಎಸ್‌ಆರ್‌ಟಿಎಂ, ಇಸ್ರೋದ ಭುವನ್ ತಾಣದಲ್ಲಿ ದೊರೆಯುವ ಕಾರ್ಟೋಡೆಮ್, ಯುರೋಪಿನ ಕೋಪರ್ನಿಕಸ್ ಯೋಜನೆಯ 30 ಮೀಟರ್ ನಕ್ಷೆ ಇವುಗಳಲ್ಲಿ ಮುಖ್ಯವಾದವು. ಇವೆಲ್ಲಕ್ಕೂ ಇರುವ ದೊಡ್ಡ ತೊಡಕೆಂದರೆ ಇವು ನೆಲವನ್ನಲ್ಲ, ಮೇಲಿನಿಂದ ಕಾಣುವ ಮೇಲ್ಮೈಯನ್ನು ಅಳೆಯುತ್ತವೆ. ನೇತ್ರಾವತಿಯ ದಂಡೆಯುದ್ದಕ್ಕೂ ಇರುವ ತೆಂಗಿನ ತೋಟಗಳ ತಲೆಯನ್ನೇ ನೆಲವೆಂದು ಬಗೆದ ನಕ್ಷೆಯಲ್ಲಿ, ಪ್ರತಿ ಮಳೆಗಾಲದಲ್ಲೂ ನೀರು ನುಗ್ಗುವ ತೋಟಗಳು ಗುಡ್ಡದಂತೆ ಎದ್ದು ನಿಂತಿರುತ್ತವೆ. ತಗ್ಗಿನ ಕರಾವಳಿಯಲ್ಲಿ ಎಸ್‌ಆರ್‌ಟಿಎಂನ ಸರಾಸರಿ ತಪ್ಪು ಎರಡು ಮೀಟರಿಗೂ ಹೆಚ್ಚಿರಬಲ್ಲದು ಎಂಬುದು ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಲೇಸರ್ ಅಳತೆಯೊಂದಿಗೆ ಹೋಲಿಸಿದಾಗ ತಿಳಿದುಬಂದಿದೆ. ಈ ಶತಮಾನದಲ್ಲಿ ನಾವು ನಿರೀಕ್ಷಿಸುವ ಸಮುದ್ರಮಟ್ಟದ ಏರಿಕೆಗಿಂತ ಇದು ದೊಡ್ಡದು.

ಕೋಪರ್ನಿಕಸ್ ನಕ್ಷೆಯಿಂದ ಮರ ಮತ್ತು ಕಟ್ಟಡಗಳನ್ನು ಗಣಕದ ಕಲಿಕೆಯ ವಿಧಾನದಿಂದ ಕಳೆದು ಬ್ರಿಸ್ಟಲ್ ವಿಶ್ವವಿದ್ಯಾಲಯದವರು ತಯಾರಿಸಿದ ಫ್ಯಾಬ್‌ಡೆಮ್ ಸದ್ಯಕ್ಕೆ ಆರಂಭಿಸಲು ಯೋಗ್ಯವಾದ ನಕ್ಷೆ. ವಾಣಿಜ್ಯೇತರ ಕೆಲಸಕ್ಕೆ ಅದು ಉಚಿತ. ಆದರೂ ಅದನ್ನು ನಂಬಿ ಕೂರಬಾರದು. ಸ್ಥಳ ಮತ್ತು ಎತ್ತರವನ್ನು ಉಪಗ್ರಹ ಸಂಕೇತದಿಂದ ನಿಖರವಾಗಿ ಅಳೆಯುವ ಡಿಜಿಪಿಎಸ್ ಉಪಕರಣ ಹಿಡಿದು ರಸ್ತೆಯ ಕೂಡುಗಳಲ್ಲಿ, ಮೋರಿಗಳ ಮೇಲೆ, ಗದ್ದೆಯ ಬದುಗಳಲ್ಲಿ ಕನಿಷ್ಠ ನೂರಿನ್ನೂರು ಬಿಂದುಗಳನ್ನಾದರೂ ಅಳೆದು, ನಕ್ಷೆಯೊಂದಿಗೆ ಹೋಲಿಸಿ, ತಪ್ಪು ಎಲ್ಲೆಡೆ ಒಂದೇ ಆಗಿದೆಯೋ ತೋಟದಲ್ಲಿ ಒಂದು, ಪೇಟೆಯಲ್ಲಿ ಇನ್ನೊಂದು ಆಗಿದೆಯೋ ಎಂದು ನೋಡಬೇಕು. ಡ್ರೋನ್ ಅಥವಾ ಲೈಡಾರ್ (ಲೇಸರ್) ಸಮೀಕ್ಷೆಗೆ ಹಣವಿದ್ದರೆ ಇಡೀ ಯೋಜನೆಯ ಖರ್ಚಿನಲ್ಲಿ ಅತಿ ದೊಡ್ಡ ಪಾಲನ್ನು ಅದಕ್ಕೇ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ದಕ್ಷಿಣ ಕನ್ನಡದಲ್ಲಿ ಇದಕ್ಕೆ ಒಂದು ಹಳೆಯ ಅಳತೆಗೋಲೂ ಇದೆ. ಇಲ್ಲಿಯ ರೈತರು ಗದ್ದೆಗಳನ್ನು ನೀರಿನ ಆಧಾರದ ಮೇಲೆಯೇ ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿದ್ದಾರೆ: ಸದಾ ನೀರಿರುವ ತಗ್ಗಿನದು ಬೈಲು, ನಡುವಿನದು ಮಜಲು, ಮಳೆಯನ್ನೇ ನೆಚ್ಚಿದ ಎತ್ತರದ್ದು ಬೆಟ್ಟು. ಹಳೆಯ ಭೂದಾಖಲೆಗಳಲ್ಲೂ ಊರಿನ ಹೆಸರುಗಳಲ್ಲೂ ಈ ವಿಂಗಡಣೆ ಉಳಿದುಕೊಂಡಿದೆ. ಇಂದು ಕಟ್ಟಡಗಳಿಂದ ಕಿಕ್ಕಿರಿದ ಕೊಡಿಯಾಲ್‌ಬೈಲ್ ತನ್ನ ಹೆಸರಿನಲ್ಲೇ ತಾನು ಏನಾಗಿತ್ತೆಂಬುದನ್ನು ಹೇಳುತ್ತದೆ. ಇಂತಹ ಹೆಸರುಗಳನ್ನು ಮತ್ತು ಹಳೆಯ ಸರ್ವೆ ದಾಖಲೆಗಳ ವಿಂಗಡಣೆಯನ್ನು ನಕ್ಷೆಯ ಮೇಲೆ ಒಂದು ಪದರವಾಗಿ ಹಾಕಿಕೊಳ್ಳಿ. ಬೈಲಿಗಿಂತ ಮೊದಲು ಮಜಲನ್ನು ಮುಳುಗಿಸುವ ಮಾದರಿಯಲ್ಲಿ ಎಲ್ಲೋ ಎತ್ತರದ ತಪ್ಪಿದೆ ಅಥವಾ ಯಾರೋ ಬೈಲಿಗೆ ಮಣ್ಣು ತುಂಬಿಸಿದ್ದಾರೆ. ಎರಡರಲ್ಲಿ ಯಾವುದೆಂದು ಸ್ಥಳಕ್ಕೆ ಹೋಗಿ ನೋಡಿಯೇ ತೀರ್ಮಾನಿಸಬೇಕು.

ಸೊನ್ನೆ ಎಲ್ಲಿದೆ?

ಎತ್ತರವನ್ನು ಯಾವ ಮಟ್ಟದಿಂದ ಎಣಿಸುತ್ತಿದ್ದೇವೆ ಎಂಬುದು ಚಿಕ್ಕ ಪ್ರಶ್ನೆಯಂತೆ ಕಾಣುತ್ತದೆ, ಆದರೆ ಕರಾವಳಿಯ ಮಾದರಿಗಳನ್ನು ಇದರಷ್ಟು ಕೆಡಿಸಿದ್ದು ಬೇರೊಂದಿಲ್ಲ. ಬಂದರಿನ ಉಬ್ಬರವಿಳಿತದ ಕೋಷ್ಟಕದಲ್ಲಿರುವ ಅಂಕಿಗಳು ನೌಕಾನಕ್ಷೆಯ ಸೊನ್ನೆಯಿಂದ ಎಣಿಸಿದವು. ಆ ಸೊನ್ನೆ ಸರಾಸರಿ ಸಮುದ್ರಮಟ್ಟಕ್ಕಿಂತ ಸಾಕಷ್ಟು ಕೆಳಗಿರುತ್ತದೆ, ಮಂಗಳೂರಿನಲ್ಲಿ ಹೆಚ್ಚುಕಡಿಮೆ ಒಂದು ಮೀಟರ್. ಡಿಜಿಪಿಎಸ್ ಕೊಡುವ ಎತ್ತರ ಭೂಮಿಯ ಗಣಿತೀಯ ದೀರ್ಘಗೋಳದಿಂದ ಎಣಿಸಿದ್ದು. ಹಿಂದೂ ಮಹಾಸಾಗರದ ಗುರುತ್ವದ ತಗ್ಗಿನಿಂದಾಗಿ ದಕ್ಷಿಣ ಭಾರತದಲ್ಲಿ ಅದಕ್ಕೂ ಸಮುದ್ರಮಟ್ಟಕ್ಕೂ ಹಲವು ಹತ್ತು ಮೀಟರುಗಳ ಅಂತರವಿದೆ. ಉಪಗ್ರಹದ ಎತ್ತರದ ನಕ್ಷೆಗಳಲ್ಲಿ ಹೆಚ್ಚಿನವು ಇಜಿಎಂ96 ಅಥವಾ ಇಜಿಎಂ2008 ಎಂಬ, ಸರಾಸರಿ ಸಮುದ್ರಮಟ್ಟವನ್ನು ಹೋಲುವ ಮೇಲ್ಮೈಗಳಾದ ಜಿಯಾಯ್ಡ್‌ಗಳಿಂದ ಎಣಿಸುತ್ತವೆ. ಹೊಳೆಯ ಮಾಪಕಗಳಿಗಂತೂ ತಮ್ಮದೇ ಸೊನ್ನೆ: ಬಂಟ್ವಾಳದಲ್ಲಿ ನೇತ್ರಾವತಿಯ ಅಪಾಯದ ಮಟ್ಟ 8.5 ಮೀಟರ್ ಎಂದು ಪತ್ರಿಕೆಗಳಲ್ಲಿ ಓದಿದೊಡನೆ ಅದನ್ನು ಮಾದರಿಗೆ ಹಾಕದೆ, ಆ ಮಾಪಕದ ಸೊನ್ನೆಯ ಎತ್ತರವನ್ನು ಸಂಬಂಧಪಟ್ಟ ಕಚೇರಿಯಿಂದ ಬರಹದಲ್ಲಿ ಪಡೆದುಕೊಳ್ಳಬೇಕು.

ನನ್ನ ಮೊದಲ ಮಾದರಿಯಲ್ಲಿ ಬೆಂಗ್ರೆ ದಿನಕ್ಕೆರಡು ಬಾರಿ ನೀರಿನಡಿ ಹೋಗುತ್ತಿತ್ತು. ಹವಾಮಾನ ಬದಲಾವಣೆಯ ಭೀಕರತೆಯೆಂದು ಒಂದು ವಾರ ನಂಬಿಕೊಂಡಿದ್ದೆ. ಕಡೆಗೆ ನೋಡಿದರೆ ನೌಕಾನಕ್ಷೆಯ ಸೊನ್ನೆಯಿಂದ ಎಣಿಸಿದ ಉಬ್ಬರವನ್ನು ಸಮುದ್ರಮಟ್ಟದಿಂದ ಎಣಿಸಿದ ನೆಲದ ಮೇಲೆ ನೇರವಾಗಿ ಹರಿಸಿದ್ದೆ. ಬೆಂಗ್ರೆಯ ಜನರು ಅಂಗಳದಲ್ಲಿ ಮೀನು ಒಣಗಿಸುತ್ತಿರುವುದನ್ನು ಒಮ್ಮೆ ನೆನಪಿಸಿಕೊಂಡಿದ್ದರೆ ಸಾಕಿತ್ತು.

ನೀರಿಗೆ ದಾರಿ ಮಾಡುವುದು

ಸಮುದ್ರಮಟ್ಟಕ್ಕಿಂತ ಇಷ್ಟು ಎತ್ತರದೊಳಗಿನ ನೆಲವನ್ನೆಲ್ಲ ನೀಲಿ ಬಳಿಯುವ ನಕ್ಷೆಗಳು ಪತ್ರಿಕೆಗಳಲ್ಲಿ ಆಗಾಗ ಕಾಣಸಿಗುತ್ತವೆ. ಸ್ನಾನದ ತೊಟ್ಟಿಗೆ ನೀರು ತುಂಬಿಸಿದಂತಹ ಈ ಲೆಕ್ಕ ಮೊದಲ ನೋಟಕ್ಕೆ ಸರಿ. ಆದರೆ ನೀರು ಬರಲು ದಾರಿ ಬೇಕು, ಹೊತ್ತೂ ಬೇಕು. ನಾಲ್ಕು ಗಂಟೆ ಮಾತ್ರ ನಿಲ್ಲುವ ಉಬ್ಬರ ಒಳನಾಡಿನ ತಗ್ಗನ್ನೆಲ್ಲ ತುಂಬಲಾರದು. ಅದೇ ಉಬ್ಬರ ಚರಂಡಿಯ ಬಾಯಿ ಮುಚ್ಚಿ, ಸಮುದ್ರದಿಂದ ದೂರವಿರುವ ಎತ್ತರದ ವೃತ್ತವೊಂದರಲ್ಲಿ ಮಳೆನೀರು ನಿಲ್ಲುವಂತೆ ಮಾಡಬಹುದು. ಆದ್ದರಿಂದ ನೀರಿನ ಚಲನೆಯನ್ನೇ ಲೆಕ್ಕ ಹಾಕುವ ಮಾದರಿ ಬೇಕು.

ತಂತ್ರಾಂಶಕ್ಕೆ ಹಣ ಸುರಿಯಬೇಕಾಗಿಲ್ಲ. ಅಮೆರಿಕದ ಸೇನಾ ಎಂಜಿನಿಯರುಗಳ ಹೆಕ್-ರಾಸ್ ಎರಡು ಆಯಾಮದಲ್ಲಿ ಹೊಳೆ ಮತ್ತು ನೆರೆಬಯಲನ್ನು ಲೆಕ್ಕ ಹಾಕುತ್ತದೆ. ಅದರ ಜೊತೆಗಾರ ಹೆಕ್-ಎಚ್‌ಎಂಎಸ್ ಘಟ್ಟದ ಮಳೆಯನ್ನು ಹೊಳೆಯ ಹರಿವಾಗಿ ಪರಿವರ್ತಿಸುತ್ತದೆ. 1971ರಲ್ಲಿ ಮೊದಲು ರೂಪುಗೊಂಡ, ಅಲ್ಲಿಯ ಪರಿಸರ ಸಂಸ್ಥೆಯ ಎಸ್‌ಡಬ್ಲ್ಯೂಎಂಎಂ ಚರಂಡಿಗಳಿಗೆ ಇಂದಿಗೂ ಬಳಕೆಯಲ್ಲಿದೆ. ನೆದರ್ಲೆಂಡ್ಸಿನ ಡೆಲ್ಟಾರೆಸ್ ಸಂಸ್ಥೆಯ ಸ್ಫಿಂಕ್ಸ್ ಮಳೆ, ಹೊಳೆ, ಕಡಲು ಮೂರನ್ನೂ ಒಟ್ಟಿಗೆ ಅತಿ ವೇಗವಾಗಿ ಲೆಕ್ಕ ಹಾಕುತ್ತದೆ. ಎಲ್ಲವೂ ಉಚಿತ. ನೂರಾರು ಸಾಧ್ಯತೆಗಳನ್ನು ಓಡಿಸಿ ನೋಡಲು ಸ್ಫಿಂಕ್ಸ್, ಅವುಗಳಲ್ಲಿ ಆಯ್ದ ಹತ್ತಿಪ್ಪತ್ತನ್ನು ಚರಂಡಿಗಳ ಸಮೇತ ವಿವರವಾಗಿ ನೋಡಲು ಹೆಕ್-ರಾಸ್ ಮತ್ತು ಎಸ್‌ಡಬ್ಲ್ಯೂಎಂಎಂ ಎಂಬ ಹಂಚಿಕೆ ನನಗೆ ಒಗ್ಗಿದೆ.

ಮಾದರಿ ನೆಲವನ್ನು ಚೌಕಗಳಾಗಿ ಹೋಳು ಮಾಡಿ ಲೆಕ್ಕ ಹಾಕುತ್ತದೆ. ಚೌಕದ ಗಾತ್ರ ಬೈಲಿನಲ್ಲಿ 20 ಮೀಟರ್ ಇದ್ದರೂ ನಡೆಯುತ್ತದೆ, ಪೇಟೆಯಲ್ಲಿ 5ರಿಂದ 10 ಮೀಟರ್ ಬೇಕು, ಏಕೆಂದರೆ ಅಲ್ಲಿ ರಸ್ತೆಯೇ ಹೊಳೆ. ಚೌಕ ಚಿಕ್ಕದಾದಷ್ಟೂ ಲೆಕ್ಕದ ಸಮಯದ ಹೆಜ್ಜೆಯೂ ಚಿಕ್ಕದಾಗಬೇಕಾಗುತ್ತದೆ: ಎರಡು ಮೀಟರ್ ಆಳದ ನೀರಿನಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 4.4 ಮೀಟರ್, ಅದರೊಂದಿಗೆ ಹರಿವಿನ ವೇಗವೂ ಸೇರಿದರೆ 10 ಮೀಟರಿನ ಚೌಕವನ್ನು ದಾಟಲು ಎರಡು ಸೆಕೆಂಡೂ ಬೇಡ. ಹೆಜ್ಜೆ ಅದಕ್ಕಿಂತ ದೊಡ್ಡದಾದರೆ ಹಲವು ಮಾದರಿಗಳಲ್ಲಿ ನೀರಿನ ಮಟ್ಟ ಅರ್ಥವಿಲ್ಲದೆ ಕುಣಿಯತೊಡಗುತ್ತದೆ.

ಎತ್ತರದ ನಕ್ಷೆಯಲ್ಲಿ ಸೇತುವೆಯ ಮೇಲ್ಭಾಗ ಅಣೆಕಟ್ಟಿನಂತೆ ಕಾಣುತ್ತದೆ. ಕೂಳೂರಿನ ಸೇತುವೆಯನ್ನು ನಕ್ಷೆಯಿಂದ ಕೊರೆದು ತೆಗೆಯದಿದ್ದರೆ ಗುರುಪುರ ಹೊಳೆ ಅಲ್ಲಿಯೇ ಕೆರೆಯಾಗಿ ನಿಲ್ಲುತ್ತದೆ. ಇದಕ್ಕೆ ವಿರುದ್ಧವಾಗಿ ರಾಷ್ಟ್ರೀಯ ಹೆದ್ದಾರಿ 66ರ ಏರಿ ಮತ್ತು ರೈಲು ಹಳಿಯ ದಿಣ್ಣೆ ನಿಜಕ್ಕೂ ನೀರನ್ನು ತಡೆಯುತ್ತವೆ. 30 ಮೀಟರ್ ಚೌಕದಲ್ಲಿ ಇವು ಸವೆದುಹೋಗುವುದರಿಂದ ಅವನ್ನು ಗೆರೆಗಳಾಗಿ ಎತ್ತರದ ಸಮೇತ ಕೈಯಿಂದಲೇ ಸೇರಿಸಿ, ಕೆಳಗಿನ ಪ್ರತಿಯೊಂದು ಮೋರಿಯ ಅಗಲ, ಎತ್ತರ, ತಳಮಟ್ಟಗಳನ್ನು ದಾಖಲಿಸಬೇಕು. ಮೋರಿಯ ವಿನ್ಯಾಸದ ಅಳತೆ ಒಂದು, ಹೂಳು, ಕೇಬಲ್, ಕುಡಿಯುವ ನೀರಿನ ಕೊಳವೆಗಳು ಆಕ್ರಮಿಸಿದ ಮೇಲೆ ಉಳಿದ ಅಳತೆ ಇನ್ನೊಂದು. ಮಾದರಿಗೆ ಬೇಕಾದದ್ದು ಎರಡನೆಯದು. ಒರಟುತನವನ್ನು ಹೇಳುವ ಮ್ಯಾನಿಂಗ್ ಗುಣಾಂಕವೂ ಹಾಗೆಯೇ: ಹೊಸ ಕಾಂಕ್ರೀಟ್ ಚರಂಡಿಗೆ 0.015ರ ಆಸುಪಾಸು, ಜೊಂಡು ಬೆಳೆದು ಕಸ ಸಿಕ್ಕಿಕೊಂಡ ತೋಡಿಗೆ 0.05 ಅಥವಾ ಅದಕ್ಕೂ ಹೆಚ್ಚು. ಬೇರೆಲ್ಲವೂ ಒಂದೇ ಆಗಿದ್ದರೆ ಹರಿವು ಈ ಸಂಖ್ಯೆಗೆ ವಿಲೋಮವಾಗಿ ಬದಲಾಗುವುದರಿಂದ, ಮೊದಲನೆಯದರಲ್ಲಿ ಹೋಗುವ ನೀರಿನ ಮೂರನೆಯ ಒಂದು ಪಾಲು ಕೂಡ ಎರಡನೆಯದರಲ್ಲಿ ಹೋಗಲಾರದು.

ಅಳಿವೆ ಬಾಗಿಲಿನ ಆಳ ಬೇರೆಯೇ ತಲೆನೋವು. ಬೇಸಗೆಯಲ್ಲಿ ಅಲ್ಲಿ ಮರಳಿನ ದಿಬ್ಬ ಬೆಳೆಯುತ್ತದೆ, ಮಳೆಗಾಲದ ಹೊಳೆ ಅದನ್ನು ಕೊರೆಯುತ್ತದೆ, ಮೀನುಗಾರಿಕೆ ದೋಣಿಗಳಿಗಾಗಿ ಹೂಳೆತ್ತುವುದೂ ಉಂಟು. ಮೇ ತಿಂಗಳ ಆಳವನ್ನು ಆಗಸ್ಟಿನ ನೆರೆಗೆ ಬಳಸಿದರೆ ಊರಿನೊಳಗಿನ ಮಟ್ಟ ಅನ್ಯಾಯವಾಗಿ ಏರುತ್ತದೆ. ಎರಡು ಋತುವಿನ ಸಮೀಕ್ಷೆ ಇಟ್ಟುಕೊಂಡು ಎರಡರಲ್ಲೂ ಓಡಿಸುವುದು ಕನಿಷ್ಠ ಎಚ್ಚರಿಕೆ.

ಮಳೆ, ಹೊಳೆ, ಕಡಲು

ಮಾದರಿಯ ಗಡಿಯಲ್ಲಿ ನಾವು ಕೊಡಬೇಕಾದ ಮೂರು ಸಂಗತಿಗಳಲ್ಲಿ ಮಳೆಯೇ ಹೆಚ್ಚು ಮೋಸ ಮಾಡುವುದು. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆಯಾದಾಗ, ಅದೇ ನಗರದ ಕೊಲಾಬಾದಲ್ಲಿ ದಾಖಲಾದದ್ದು 73 ಮಿ.ಮೀ. ಕೊಲಾಬಾದ ಒಂದೇ ಮಾಪಕವನ್ನು ನಂಬಿದ ಮಾದರಿ ಆ ದಿನ ನೆರೆಯೇ ಬಂದಿಲ್ಲವೆಂದು ಹೇಳುತ್ತಿತ್ತು. ಕರ್ನಾಟಕದಲ್ಲಿ ನಮಗಿರುವ ಅನುಕೂಲವೆಂದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ಥಾಪಿಸಿರುವ ಸ್ವಯಂಚಾಲಿತ ಮಳೆಮಾಪಕಗಳು. ದೀರ್ಘಕಾಲದ ದಾಖಲೆಗೆ ಭಾರತೀಯ ಹವಾಮಾನ ಇಲಾಖೆಯ, 1901ರಿಂದ ಆರಂಭವಾಗುವ, ಅಕ್ಷಾಂಶ-ರೇಖಾಂಶದ ಕಾಲು ಡಿಗ್ರಿ ಚೌಕದ ದೈನಿಕ ಮಳೆಯ ದತ್ತಾಂಶವಿದೆ.

ಆದರೆ ಊರಿನ ತೋಡುಗಳು ತುಂಬಲು ಒಂದು ದಿನ ಬೇಕಿಲ್ಲ, ಒಂದೆರಡು ಗಂಟೆ ಸಾಕು. ದಿನದ ಮಳೆಯಿಂದ ಗಂಟೆಯ ಮಳೆಯನ್ನು ಅಂದಾಜಿಸಲು ನಮ್ಮಲ್ಲಿ ರೂಢಿಯಲ್ಲಿರುವ ಸೂತ್ರದಂತೆ, ಬೇಕಾದ ಅವಧಿಯನ್ನು 24ರಿಂದ ಭಾಗಿಸಿ ಘನಮೂಲ ತೆಗೆದು, ದಿನದ ಮಳೆಯಿಂದ ಗುಣಿಸಬೇಕು. ದಿನಕ್ಕೆ 300 ಮಿ.ಮೀ. ಎಂದರೆ ಅತಿ ಬಿರುಸಿನ ಒಂದು ಗಂಟೆಗೆ ಸುಮಾರು 104 ಮಿ.ಮೀ. ನಾಲ್ಕು ಚದರ ಕಿ.ಮೀ. ವಿಸ್ತಾರದ, ಬಹುಪಾಲು ಕಾಂಕ್ರೀಟು ಹೊದ್ದ ಕಣಿವೆಯೊಂದರಲ್ಲಿ ಗಂಟೆಗೆ 60 ಮಿ.ಮೀ. ಮಳೆ ಬಿದ್ದು ಅದರ ನೂರಕ್ಕೆ 70 ಪಾಲು ಹರಿದರೂ ತೋಡಿನ ಬಾಯಲ್ಲಿ ಸೆಕೆಂಡಿಗೆ ಸುಮಾರು 47 ಘನ ಮೀಟರ್ ನೀರು ಬರುತ್ತದೆ. ಈ ಕೈಲೆಕ್ಕವನ್ನು ಮಾಡಿಟ್ಟುಕೊಳ್ಳಿ. ತಂತ್ರಾಂಶದ ಉತ್ತರ ಇದರಿಂದ ಬಹಳ ದೂರವಿದ್ದರೆ ತಪ್ಪು ಹೆಚ್ಚಾಗಿ ತಂತ್ರಾಂಶಕ್ಕೆ ಊಡಿಸಿದ ಅಂಕಿಯಲ್ಲಿರುತ್ತದೆ.

ಹೊಳೆಗೆ ಬಂಟ್ವಾಳದ ಮಾಪನ ಕೇಂದ್ರದ ಹರಿವಿನ ದಾಖಲೆಯನ್ನು ಮೇಲ್ಗಡಿಯಾಗಿ ಬಳಸಬಹುದು. ಉಪ್ಪಿನಂಗಡಿಯಲ್ಲಿ ಕುಮಾರಧಾರಾ ಸೇರಿದ ಬಳಿಕದ ನೇತ್ರಾವತಿಯ ನೀರು ಅಲ್ಲಿ ಪೂರ್ತಿಯಾಗಿ ಸಿಗುತ್ತದೆ. ತುಂಬೆಯ ಕಿಂಡಿ ಅಣೆಕಟ್ಟನ್ನು ಮಳೆಗಾಲದಲ್ಲಿ ಬಾಗಿಲು ತೆರೆದ ಸ್ಥಿತಿಯಲ್ಲಿ, ಕಂಬಗಳು ಕೊಡುವ ಅಡ್ಡಿಯೊಂದಿಗೆ ಸೇರಿಸಬೇಕು.

ಕಡಲಿನ ಗಡಿಯಲ್ಲಿ ಮಂಗಳೂರಿಗೆ ಒಂದು ವಿಶೇಷವಿದೆ. ಮುಂಬಯಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ದೊಡ್ಡ ಉಬ್ಬರ ನಾಲ್ಕೂವರೆ ಮೀಟರ್ ಮುಟ್ಟುವುದು ಸಾಮಾನ್ಯ. ಇಲ್ಲಿ ಅದು ಹೆಚ್ಚೆಂದರೆ ಒಂದೂವರೆ ಮೀಟರ್ ದಾಟುತ್ತದೆ, ಅಷ್ಟೆ. ಅದರ ಮೇಲೆ ಚಂಡಮಾರುತದ ಏರಿಕೆ, ತೀರದಲ್ಲಿ ಅಲೆ ಒಡೆದು ನೀರು ರಾಶಿ ಬೀಳುವ ಏರಿಕೆ, ಗಾಳಿಯ ಒತ್ತಡ ಇಳಿದಾಗ ಪ್ರತಿ ಹೆಕ್ಟೊಪ್ಯಾಸ್ಕಲ್‌ಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರಿನಂತೆ ಆಗುವ ಏರಿಕೆಗಳನ್ನು ಸೇರಿಸಬೇಕು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ತೀರವನ್ನು ಮುಟ್ಟದೆ ದೂರದಲ್ಲೇ ಗುಜರಾತಿನತ್ತ ಸಾಗಿದರೂ ಉಳ್ಳಾಲ, ಸೋಮೇಶ್ವರದ ಕಡೆ ಕಡಲು ಮನೆಗಳ ಬಾಗಿಲಿಗೆ ಬಂದದ್ದು ಅಲೆಯ ಈ ಬಲದಿಂದ. ಇನ್ನೊಂದು ಸೂಕ್ಷ್ಮ: ನಮ್ಮ ಕರಾವಳಿಯಲ್ಲಿ ಸರಾಸರಿ ಸಮುದ್ರಮಟ್ಟವು ಮಳೆಗಾಲದ ಕೊನೆಯ ಹೊತ್ತಿಗೆ ತಗ್ಗಿ, ಡಿಸೆಂಬರ್ ಸುಮಾರಿಗೆ ಏರುತ್ತದೆ. ವರ್ಷದ ಅತಿ ಎತ್ತರದ ಕಡಲನ್ನು ವರ್ಷದ ಅತಿ ದೊಡ್ಡ ಹೊಳೆಯೊಂದಿಗೆ ಕಣ್ಣು ಮುಚ್ಚಿ ಜೋಡಿಸಿದರೆ ಎಂದೂ ಒಟ್ಟಿಗೆ ಬಾರದ ಎರಡನ್ನು ಮದುವೆ ಮಾಡಿದಂತಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕಡಲಿನ ದಾಖಲೆಯನ್ನೇ ಬೇರ್ಪಡಿಸಿ ವಿಶ್ಲೇಷಿಸಿ.

ಇಂದಿನ ನೆರೆಯೊಂದಿಗೆ ತಾಳೆ

ಮಂಗಳೂರಿಗೆ ಎರಡು ಘಟನೆಗಳು ಪರೀಕ್ಷೆಗೆಂದೇ ಬಂದಂತಿವೆ. 2018ರ ಮೇ 29ರಂದು ಮುಂಗಾರಿನ ಹೊಸ್ತಿಲಲ್ಲಿ ಸುರಿದ ಮಳೆಗೆ ಕೊಟ್ಟಾರ ಚೌಕಿಯೂ ಸೇರಿದಂತೆ ನಗರದ ತಗ್ಗುಗಳು ನೀರಿನಲ್ಲಿ ನಿಂತವು. ಹೊಳೆಗಳಿಗೆ ಇನ್ನೂ ಮಳೆಗಾಲದ ನೀರು ಬಂದಿರಲಿಲ್ಲ. ಅಂದರೆ ಅದು ಚರಂಡಿಗಳ ನೆರೆ. 2019ರ ಆಗಸ್ಟ್ 9, 10ರಂದು ಬಂದದ್ದು ಘಟ್ಟದ ಮಳೆಯ ಹೊಳೆನೆರೆ. ಬೆಳ್ತಂಗಡಿಯಿಂದ ಬಂಟ್ವಾಳದವರೆಗೆ ನೇತ್ರಾವತಿ ದಂಡೆ ಮೀರಿತು. ಮೊದಲನೆಯದರಿಂದ ಚರಂಡಿಯ ಗುಣಾಂಕಗಳನ್ನೂ ಎರಡನೆಯದರಿಂದ ಹೊಳೆಯ ಗುಣಾಂಕಗಳನ್ನೂ ಹೊಂದಿಸಿಕೊಳ್ಳಬೇಕು. ಒಂದನ್ನು ಸರಿಪಡಿಸಲು ಇನ್ನೊಂದನ್ನು ತಿರುಚಬಾರದು.

ಪಂಚಾಂಗ ತೆರೆದು ನೋಡಿದರೆ ಇವೆರಡರ ನಡುವೆ ಇನ್ನೊಂದು ವ್ಯತ್ಯಾಸವೂ ಕಾಣುತ್ತದೆ. 2018ರ ಮೇ 29 ಹುಣ್ಣಿಮೆ. ಆದ್ದರಿಂದ ಅದು ದೊಡ್ಡ ಉಬ್ಬರದ ದಿನ. 2019ರ ಆಗಸ್ಟ್ 9 ವರಮಹಾಲಕ್ಷ್ಮಿ ವ್ರತದ ಶುಕ್ರವಾರ, ಶ್ರಾವಣ ಶುಕ್ಲದ ನಡುಭಾಗ. ಅಷ್ಟಮಿಯ ಬೆನ್ನಿಗೇ ಬರುವ ಕಿರು ಉಬ್ಬರದ ದಿನಗಳವು. ಅದೇ ಹೊಳೆನೆರೆ ಐದಾರು ದಿನ ತಡವಾಗಿ ಹುಣ್ಣಿಮೆಗೆ ಬಂದಿದ್ದರೆ ಅಳಿವೆಯ ಹತ್ತಿರದ ಊರುಗಳಲ್ಲಿ ಮಟ್ಟ ಎಷ್ಟಿರುತ್ತಿತ್ತು? ಹವಾಮಾನ ಬದಲಾವಣೆಗೆ ಕೈಹಾಕುವ ಮೊದಲು ಮಾದರಿಗೆ ಕೇಳಬೇಕಾದ ಅತ್ಯುತ್ತಮ ಪ್ರಶ್ನೆ ಇದು, ಏಕೆಂದರೆ ಇಲ್ಲಿ ಬದಲಾಗುವುದು ತಿಥಿ ಮಾತ್ರ, ಭೌತಶಾಸ್ತ್ರವಲ್ಲ.

ತಾಳೆ ನೋಡಲು ಗೋಡೆಯ ಮೇಲಿನ ನೀರಿನ ಗುರುತು, ಸಮಯವಿರುವ ಮೊಬೈಲ್ ಚಿತ್ರಗಳು, ಸೆಂಟಿನೆಲ್-1 ಉಪಗ್ರಹದ ರೇಡಾರ್ ಚಿತ್ರಗಳು ನೆರವಾಗುತ್ತವೆ. ಉಪಗ್ರಹ ಹಲವು ದಿನಗಳಿಗೊಮ್ಮೆ ಹಾದುಹೋಗುವುದರಿಂದ ನೆರೆಯ ತುದಿಯನ್ನು ಅದು ತಪ್ಪಿಸಿಕೊಳ್ಳುವುದೇ ಹೆಚ್ಚು. ಮನೆಗಳ ನಡುವಿನ ನೀರಂತೂ ರೇಡಾರಿಗೆ ಕಾಣುವುದೇ ಇಲ್ಲ. ಹಿರಿಯರ ನೆನಪು ಇದಕ್ಕಿಂತ ಗಟ್ಟಿ. ತುಳುವಿನಲ್ಲಿ ನೆರೆಗೆ ಬೊಳ್ಳ ಎನ್ನುತ್ತಾರೆ. 1923ರ ಮಾರಿ ಬೊಳ್ಳ ಮತ್ತು 1974ರ ನೆರೆ ನೇತ್ರಾವತಿ ದಂಡೆಯ ಮನೆಗಳಲ್ಲಿ ಇಂದಿಗೂ ಅಳತೆಗೋಲುಗಳು. ಯಾವ ಮೆಟ್ಟಿಲವರೆಗೆ, ಯಾವ ದೇವಸ್ಥಾನದ ಯಾವ ಕಲ್ಲಿನವರೆಗೆ ಎಂದು ಕೇಳಿ, ಆ ಜಾಗದ ಎತ್ತರವನ್ನು ಉಪಕರಣದಿಂದ ಅಳೆದುಕೊಂಡರೆ ಯಾವ ದತ್ತಾಂಶ ಕೇಂದ್ರದಲ್ಲೂ ಸಿಗದ ಬಿಂದು ಕೈಗೆ ಬರುತ್ತದೆ. ಅಳೆದ ಮಟ್ಟಕ್ಕೂ ಮಾದರಿಯ ಮಟ್ಟಕ್ಕೂ 20ರಿಂದ 30 ಸೆಂ.ಮೀ. ಒಳಗಿನ ಅಂತರವಿದ್ದರೆ ಮುಂದಿನ ಹೆಜ್ಜೆ ಇಡಬಹುದು.

ಈಗ ಹವಾಮಾನ

ಸಮುದ್ರಮಟ್ಟದಿಂದ ಆರಂಭಿಸುವುದು ಲೇಸು, ಏಕೆಂದರೆ ಏರುತ್ತದೆಯೋ ಇಲ್ಲವೋ ಎಂಬ ಸಂಶಯ ಅಲ್ಲಿಲ್ಲ. ಹವಾಮಾನ ಬದಲಾವಣೆಯ ಕುರಿತ ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿಯಾದ ಐಪಿಸಿಸಿಯ 2021ರ ವರದಿಯಂತೆ 1901ರಿಂದ 2018ರ ನಡುವೆ ಜಾಗತಿಕ ಸರಾಸರಿ 20 ಸೆಂ.ಮೀ. ಏರಿದೆ, 2006ರಿಂದ 2018ರ ನಡುವಿನ ವೇಗ ವರ್ಷಕ್ಕೆ 3.7 ಮಿ.ಮೀ. 2100ರ ಹೊತ್ತಿಗೆ, 1995–2014ರ ಸರಾಸರಿಗೆ ಹೋಲಿಸಿದರೆ, ಹಸಿರುಮನೆ ಅನಿಲಗಳ ಹೊರಸೂಸುವಿಕೆ ಬಹಳ ಕಡಿಮೆಯಾಗುವ ಹಾದಿಯಲ್ಲಿ 28ರಿಂದ 55 ಸೆಂ.ಮೀ., ಅತಿ ಹೆಚ್ಚಿನ ಹಾದಿಯಲ್ಲಿ 63ರಿಂದ 101 ಸೆಂ.ಮೀ. ಏರಿಕೆ ಸಂಭವನೀಯವೆಂದು ಅದು ಹೇಳುತ್ತದೆ. ಹಿಮದ ಹಾಸುಗಳು ಅನಿರೀಕ್ಷಿತ ರೀತಿಯಲ್ಲಿ ಕುಸಿದರೆ ಎರಡು ಮೀಟರಿನ ಹತ್ತಿರಕ್ಕೆ ಹೋಗುವ ಸಾಧ್ಯತೆಯನ್ನೂ ತಳ್ಳಿಹಾಕುವುದಿಲ್ಲ. ನಿಮ್ಮ ತೀರದ ಪ್ರಾದೇಶಿಕ ಅಂದಾಜನ್ನು ನಾಸಾದ ಸಮುದ್ರಮಟ್ಟದ ತಾಣದಿಂದ ಪಡೆಯಬಹುದು. ಆ ಅಂಕಿಗಳ ಆಧಾರಬಿಂದು 2005ರ ಸುಮಾರಿನದು ಎಂಬುದನ್ನು ಮರೆಯದಿರಿ. ಅದರ ಬಳಿಕದ ಎರಡು ದಶಕಗಳಲ್ಲಿ ಈಗಾಗಲೇ ಏಳೆಂಟು ಸೆಂ.ಮೀ. ಏರಿಯಾಗಿದೆ. ಇತ್ತೀಚಿನ ಉಬ್ಬರದ ದಾಖಲೆಯ ಮೇಲೆ ಪೂರ್ತಿ ಅಂಕಿಯನ್ನು ಸೇರಿಸಿದರೆ ಆ ಭಾಗವನ್ನು ಎರಡು ಬಾರಿ ಎಣಿಸಿದಂತಾಗುತ್ತದೆ.

ಉಬ್ಬರ ಚಿಕ್ಕದು, ಆದ್ದರಿಂದ ಅಪಾಯವೂ ಚಿಕ್ಕದು ಎಂದು ಮಂಗಳೂರಿನವರು ಭಾವಿಸುವುದುಂಟು. ಲೆಕ್ಕ ಅದನ್ನು ತಿರುವುಮುರುವು ಮಾಡುತ್ತದೆ. ಕಡಲಿನ ವಿಪರೀತ ಮಟ್ಟಗಳು, ಅಪರೂಪದ ಘಟನೆಗಳ ಸಂಭವನೀಯತೆ ಹೇಳುವ ಗಂಬೆಲ್ ಹಂಚಿಕೆಯಂತೆ ನಡೆಯುತ್ತವೆಂದುಕೊಂಡರೆ, ಸಮುದ್ರಮಟ್ಟದ ಏರಿಕೆಯನ್ನು ಆ ಹಂಚಿಕೆಯ ಅಗಲವನ್ನು ಸೂಚಿಸುವ ಸಂಖ್ಯೆಯಿಂದ ಭಾಗಿಸಿ, 2.718ನ್ನು ಅಷ್ಟು ಘಾತಕ್ಕೆ ಏರಿಸಿದರೆ ನೆರೆ ಎಷ್ಟು ಪಟ್ಟು ಪದೇ ಪದೇ ಬರುತ್ತದೆ ಎಂಬುದು ಸಿಗುತ್ತದೆ. ವರ್ಷದಿಂದ ವರ್ಷಕ್ಕೆ ಹೆಚ್ಚು ಏರುಪೇರಾಗುವ ಕಡಲಿನಲ್ಲಿ ಆ ಸಂಖ್ಯೆ 20 ಸೆಂ.ಮೀ. ಎಂದು ಇಟ್ಟುಕೊಳ್ಳೋಣ: 30 ಸೆಂ.ಮೀ. ಏರಿಕೆಗೆ ಸುಮಾರು ನಾಲ್ಕೂವರೆ ಪಟ್ಟು. ಶಾಂತವಾದ ಕಡಲಿನಲ್ಲಿ ಅದು 10 ಸೆಂ.ಮೀ. ಆಗಿದ್ದರೆ ಅದೇ ಏರಿಕೆಗೆ 20 ಪಟ್ಟು. ನೂರು ವರ್ಷಕ್ಕೊಮ್ಮೆ ಎನ್ನುತ್ತಿದ್ದದ್ದು ಐದು ವರ್ಷಕ್ಕೊಮ್ಮೆ. ಕಡಲು ಶಾಂತವಾಗಿರುವ ಊರಿನಲ್ಲಿ ಮನೆ, ಚರಂಡಿ, ಧಕ್ಕೆಗಳನ್ನೆಲ್ಲ ಆ ಶಾಂತತೆಯನ್ನೇ ನಂಬಿ ಅಂಚಿಗೆ ಹತ್ತಿರ ಕಟ್ಟಿರುತ್ತಾರೆ.

ಮಳೆಯ ವಿಷಯದಲ್ಲಿ ಇಷ್ಟು ಧೈರ್ಯ ಸಲ್ಲದು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ನೂರಕ್ಕೆ 7ರಷ್ಟು ಹೆಚ್ಚು ಆವಿಯನ್ನು ಹಿಡಿದಿಡಬಲ್ಲದು ಎಂಬ ಭೌತನಿಯಮ ಗಟ್ಟಿಯಾದ ನೆಲೆ. ಅದರಂತೆ ಎರಡು ಡಿಗ್ರಿಗೆ ನೂರಕ್ಕೆ 14 ಹೆಚ್ಚಿಸಿದರೆ ಮೇಲಿನ ತೋಡಿನ 47 ಘನ ಮೀಟರ್ 53ಕ್ಕೆ ಏರುತ್ತದೆ. ಗಂಟೆಯೊಳಗಿನ ಬಿರುಮಳೆ ಇದಕ್ಕೂ ಹೆಚ್ಚು ಬಲಿಯಬಹುದು. ಆದರೆ ಜಾಗತಿಕ ಮಾದರಿಗಳ ಚೌಕ ಹೆಚ್ಚಾಗಿ ನೂರು ಕಿಲೋಮೀಟರಿನಷ್ಟು ಅಗಲ. ಕಡಲ ತೀರ, ಮಂಗಳೂರು, ಚಾರ್ಮಾಡಿ ಘಾಟಿ, ಅದರಾಚೆಯ ಮಲೆನಾಡು ಎಲ್ಲವೂ ಒಂದೇ ಚೌಕದೊಳಗೆ ಕರಗಿಹೋಗುತ್ತವೆ. ಘಟ್ಟಕ್ಕೆ ತಗುಲಿ ಮೇಲೇರುವ ಮೋಡವೇ ಅವಕ್ಕೆ ಗೊತ್ತಿಲ್ಲ. ಗಾಂಧಿನಗರದ ಐಐಟಿಯವರು 13 ಮಾದರಿಗಳ ದೈನಿಕ ಮಳೆಯನ್ನು ದಕ್ಷಿಣ ಏಷ್ಯಾಕ್ಕಾಗಿ ತಿದ್ದಿ ಕಾಲು ಡಿಗ್ರಿ ಚೌಕಕ್ಕೆ ಇಳಿಸಿಕೊಟ್ಟಿರುವ ದತ್ತಾಂಶ ಉಪಯುಕ್ತವಾದರೂ, ಅದರ ಅಂಕಿಗಳನ್ನು ನೇರವಾಗಿ ಬಳಸದೆ, ಪ್ರತಿ ಮಾದರಿಯ ಭವಿಷ್ಯಕ್ಕೂ ಅದೇ ಮಾದರಿಯ ಭೂತಕಾಲಕ್ಕೂ ಇರುವ ಅನುಪಾತವನ್ನು ತೆಗೆದು, ಅದರಿಂದ ನಮ್ಮ ಅಳೆದ ಮಳೆಯನ್ನು ಗುಣಿಸುವುದು ಹೆಚ್ಚು ಸುರಕ್ಷಿತ. 13 ಮಾದರಿಗಳ ಸರಾಸರಿ ತೆಗೆದು ಒಂದೇ ಉತ್ತರ ಹೇಳುವ ಆಸೆಯನ್ನು ಬಿಡಿ. ಕಡಿಮೆಯದು, ನಡುವಿನದು, ಹೆಚ್ಚಿನದು ಎಂದು ಮೂರನ್ನಾದರೂ ಓಡಿಸಿ. ಬೇರೆ ಪ್ರದೇಶದ ಫಲಿತಾಂಶವನ್ನು ಎರವಲು ತರುವುದೂ ತಪ್ಪು: ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದ ಮೂರು ಪಟ್ಟಿನ ಹೆಚ್ಚಳ 1950ರಿಂದ 2015ರ ನಡುವೆ ಮಧ್ಯ ಭಾರತದ ವ್ಯಾಪಕ ಬಿರುಮಳೆಗೆ ಸಂಬಂಧಿಸಿದ್ದು, ಅದು ಕರಾವಳಿ ಕರ್ನಾಟಕದ ಅಂಕಿಯಲ್ಲ.

ಇವುಗಳನ್ನು ಜೋಡಿಸುವಾಗ ಪ್ರತಿಯೊಂದರ ಅತಿ ಕೆಟ್ಟದ್ದನ್ನು ಒಟ್ಟು ಸೇರಿಸುವುದು ಸುಲಭದ ದಾರಿ, ಆದರೆ ಅದರಿಂದ ಬರುವ ನೆರೆಗೆ ಸಂಭವನೀಯತೆಯೇ ಇರುವುದಿಲ್ಲ. ಮಳೆಗಾಲದ ದಾಖಲೆಯಲ್ಲಿ ದೊಡ್ಡ ಮಳೆಯ ದಿನಗಳಂದು ಕಡಲಿನ ಹೆಚ್ಚುವರಿ ಮಟ್ಟ ಎಷ್ಟಿತ್ತು, ಹೊಳೆಯ ತುದಿ ಎಷ್ಟು ಗಂಟೆ ತಡವಾಗಿ ಬಂತು ಎಂದು ನೋಡಿ, ಅವುಗಳ ನಂಟನ್ನು ಕಾಪ್ಯುಲಾ ಎಂಬ ಸಂಖ್ಯಾಶಾಸ್ತ್ರದ ಸಾಧನದಿಂದ ಹಿಡಿದಿಡಬಹುದು. ದಾಖಲೆ ಮೂವತ್ತು ವರ್ಷಕ್ಕಿಂತ ಚಿಕ್ಕದಾದರೆ ಆ ಗಣಿತಕ್ಕಿಂತ ನೇರವಾದ ದಾರಿ ಲೇಸು. ಹಿಂದಿನ ಮೂವತ್ತು ನಲವತ್ತು ನೈಜ ಬಿರುಮಳೆಗಳನ್ನು ಆರಿಸಿ, ಪ್ರತಿಯೊಂದನ್ನೂ ಉಬ್ಬರದ ಬೇರೆ ಬೇರೆ ಹೊತ್ತಿಗೆ ಸರಿಸಿ, ಇಂದಿನ ಮಟ್ಟದಲ್ಲೂ 30 ಮತ್ತು 60 ಸೆಂ.ಮೀ. ಏರಿದ ಮಟ್ಟದಲ್ಲೂ ಓಡಿಸಿ. ಒಂದೇ ಮಳೆ ಇಳಿತದಲ್ಲಿ ಬಿದ್ದಾಗ ಎರಡು ಗಂಟೆಯಲ್ಲಿ ಬರಿದಾಗುವ ಬೈಲು, ಏರಿದ ಕಡಲಿನ ಉಬ್ಬರದಲ್ಲಿ ಎಷ್ಟು ಗಂಟೆ ನಿಲ್ಲುತ್ತದೆ ಎಂಬ ವ್ಯತ್ಯಾಸವೇ ನಗರಕ್ಕೆ ಬೇಕಾದ ಉತ್ತರ. ಹಾಗೆಯೇ ಇನ್ನೊಂದು ಸುತ್ತು ಓಡಿಸಿ: ಹವಾಮಾನ ಇಂದಿನದೇ, ಆದರೆ ಉಳಿದಿರುವ ಬೈಲುಗಳೆಲ್ಲ ಮಣ್ಣು ತುಂಬಿ ಕಟ್ಟಡಗಳಾಗಿವೆ. ಮುಂದಿನ ಎರಡು ಮೂರು ದಶಕಗಳ ಮಟ್ಟಿಗೆ ಈ ಸುತ್ತಿನ ನೆರೆ ಹವಾಮಾನದ ಸುತ್ತಿನದಕ್ಕಿಂತ ದೊಡ್ಡದಾಗಿ ಬಂದರೆ ಅಚ್ಚರಿಪಡಬೇಡಿ, ಅದನ್ನು ಮರೆಮಾಚಲೂ ಬೇಡಿ.

ಫಲಿತಾಂಶವನ್ನು ನೀಲಿಯ ಒಂದೇ ಗೆರೆಯಾಗಿ ಕೊಡದೆ ಆಳ, ನಿಲ್ಲುವ ಅವಧಿ, ಸಂಭವನೀಯತೆ ಎಂಬ ಮೂರು ನಕ್ಷೆಗಳಾಗಿ ಕೊಡಿ. ನೂರು ವರ್ಷಕ್ಕೊಮ್ಮೆಯ ನೆರೆ ಎಂದಾಗ ಇನ್ನು ನೂರು ವರ್ಷ ಭಯವಿಲ್ಲವೆಂದು ಕೇಳಿಸಿಕೊಳ್ಳುವವರೇ ಹೆಚ್ಚು. ಮೂವತ್ತು ವರ್ಷದ ಗೃಹಸಾಲ ತೀರುವುದರೊಳಗೆ ಅದು ಒಮ್ಮೆಯಾದರೂ ಬರುವ ಸಾಧ್ಯತೆ ನೂರಕ್ಕೆ 26 ಎಂದರೆ ಅರ್ಥವಾಗುತ್ತದೆ. ಮಾದರಿಯ ಕಡತದೊಂದಿಗೆ ಯಾವ ಸೊನ್ನೆ, ಯಾವ ವರ್ಷದ ಅಳಿವೆಯ ಆಳ, ಯಾವ ಮೋರಿಗಳ ಅಳತೆ ಬಳಸಿದ್ದೀರಿ ಎಂಬುದನ್ನು ಒಂದು ಪುಟದಲ್ಲಿ ಬರೆದಿಡಿ, ಮತ್ತು ಮುಂದಿನ ಅಕ್ಟೋಬರಿನಲ್ಲಿ ಮಳೆ ನಿಂತ ಕೂಡಲೇ ಅಳಿವೆ ಬಾಗಿಲಿನ ಆಳವನ್ನು ಮತ್ತೊಮ್ಮೆ ಅಳೆಯಲು ದೋಣಿಯೊಂದನ್ನು ಈಗಲೇ ಗೊತ್ತುಮಾಡಿಕೊಳ್ಳಿ.